ಬಾಲದಲ್ಲಿ ಹುಟ್ಟುವ ಇನ್ನೊಂದು ತಲೆ ಯಾರದ್ದು?

ಕಡಲಿನ ಒಂದು ಹುಳುವಿನ ಹಿಂಭಾಗದಲ್ಲಿ ಇನ್ನೊಂದು ತಲೆ ಮೂಡಿ, ಆ ತುಂಡು ಕಳಚಿ ಈಜಿ ಹೋಗುತ್ತದೆ, ಇದು ಹೈಡ್ರಾ ಎಂಬ ಪುಟ್ಟ ನೀರುಜೀವಿಯ ಮೈಮೇಲೆ ಮೂಡಿ ಕಳಚುವ ಮೊಗ್ಗಿನ ಹಾಗೆಯೇ ಅಲ್ವಾ, ಹಾಗಿದ್ದರೆ ಅದರಲ್ಲಿ ಗಂಡು ಹೆಣ್ಣು ಯಾಕೆ ಎಂದು ಕೇಳಿದ್ದೀರಿ. ಮೊದಲ ಸಲ ಓದಿದಾಗ ನನಗೂ ಹೈಡ್ರಾವೇ ನೆನಪಾಗಿತ್ತು. ಆದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ.

ನೀವು ಹೇಳುತ್ತಿರುವುದು ಸಿಲ್ಲಿಡ್ ಹುಳುಗಳನ್ನು. ನಮ್ಮ ಎರೆಹುಳು, ಜಿಗಣೆಗಳ ದೂರದ ನೆಂಟರು. ಬಳೆ ಜೋಡಿಸಿಟ್ಟ ಹಾಗೆ ಮೈಯೆಲ್ಲ ಖಂಡ ಖಂಡ.

ಹೈಡ್ರಾದಿಂದ ಕಳಚಿದ ಮೊಗ್ಗು ಪೂರ್ತಿ ಹೈಡ್ರಾ. ತಿನ್ನುತ್ತದೆ, ಬೆಳೆಯುತ್ತದೆ, ಮುಂದೆ ತಾನೂ ಮೊಗ್ಗು ಬಿಡುತ್ತದೆ. ಸಿಲ್ಲಿಡ್‌ನಿಂದ ಕಳಚುವ ತುಂಡಿಗೆ ಸ್ಟೋಲನ್ ಎನ್ನುತ್ತಾರೆ. ಅದಕ್ಕೆ ಕಣ್ಣಿದೆ, ಮೀಸೆಯಿದೆ, ಈಜಲು ಉದ್ದ ಬಿರುಗೂದಲಿದೆ. ತಿನ್ನಲು ಬಾಯಿ ಮಾತ್ರ ಇಲ್ಲ. ಮೈತುಂಬ ಮೊಟ್ಟೆ, ಇಲ್ಲವೇ ವೀರ್ಯ. ತನ್ನಂಥ ಇನ್ನೊಂದನ್ನು ಹುಡುಕಿಕೊಂಡು ಈಜುತ್ತದೆ, ಹೊತ್ತದ್ದನ್ನು ಬಿಡುತ್ತದೆ, ಸಾಯುತ್ತದೆ. ಹಾಗಾಗಿ ಅದನ್ನು ಮರಿ ಎನ್ನಲು ನನಗೆ ಮನಸ್ಸಿಲ್ಲ. ಮರಿ ಹುಟ್ಟುವುದು ಆ ಮೊಟ್ಟೆಯಿಂದ. ಸ್ಟೋಲನ್ ಎಂದರೆ ಮೂಲ ಹುಳುವಿನದೇ ಬಾಲ, ಮದುವೆಗೆ ಹೊರಟಿರುವ ಬಾಲ! ತಯಾರಾಗುವ ರೀತಿ ಮೊಗ್ಗಿನದು, ಮಾಡುವ ಕೆಲಸ ಲೈಂಗಿಕ ಸಂತಾನೋತ್ಪತ್ತಿಯದು.

ಇದರಿಂದ ಲಾಭ ಏನು? ಮೂಲ ಹುಳು ಕಲ್ಲು, ಪಾಚಿ, ಸ್ಪಂಜುಗಳ ಸಂದಿಯಲ್ಲೇ ಇರಬಹುದು. ಮೀನಿನ ಬಾಯಿಗೆ ಸಿಗುವ ಅಪಾಯವೆಲ್ಲ ಬಾಲಕ್ಕೆ. ಕಳಚಿದ ಜಾಗದಲ್ಲಿ ಮತ್ತೆ ಬಾಲ ಬೆಳೆಯುತ್ತದೆ, ಮತ್ತೆ ಸ್ಟೋಲನ್ ತಯಾರಾಗುತ್ತದೆ. ನೆರೀಸ್ ಎಂಬ ಇನ್ನೊಂದು ಗುಂಪಿನ ಹಲವು ಕಡಲ ಹುಳುಗಳಿಗೆ ಈ ಅನುಕೂಲವಿಲ್ಲ. ಅಲ್ಲಿ ಇಡೀ ಹುಳುವೇ ರೂಪ ಬದಲಿಸಿ ಮೇಲಕ್ಕೆ ಬಂದು, ಮೊಟ್ಟೆ ಬಿಟ್ಟು ಸಾಯುತ್ತದೆ.

ಮೈ ಮಧ್ಯದಲ್ಲಿ ತಲೆ ಮೂಡುವುದು ಹೇಗೆ? ಇದಕ್ಕೆ ಜಪಾನಿನ ಮೆಗಾಸಿಲ್ಲಿಸ್ ನಿಪ್ಪೋನಿಕಾ ಎಂಬ ಹಸಿರು ಹುಳುವಿನಲ್ಲಿ ಒಳ್ಳೆಯ ಉತ್ತರ ಸಿಕ್ಕಿದೆ. ಟೋಕಿಯೊ ವಿಶ್ವವಿದ್ಯಾಲಯದ ತೋರು ಮಿಯುರಾ ತಂಡ 2023ರಲ್ಲಿ ಪ್ರಕಟಿಸಿದ ಕೆಲಸ ಅದು. ಮೊದಲು ಹಿಂಭಾಗದಲ್ಲಿ ಮೊಟ್ಟೆ ಅಥವಾ ವೀರ್ಯದ ಅಂಗ ಬೆಳೆಯಲು ಶುರುವಾಗುತ್ತದೆ. ಆಮೇಲೆ, ಸಾಮಾನ್ಯವಾಗಿ ತಲೆ ಕಟ್ಟುವ ಜೀನ್‌ಗಳೇ ಮೈ ಮಧ್ಯದಲ್ಲೂ ಕೆಲಸ ಶುರುಮಾಡುತ್ತವೆ. ಮೈಯ ಯಾವ ಭಾಗ ಎಲ್ಲಿರಬೇಕೆಂದು ಹೇಳುವ ಹಾಕ್ಸ್ ಜೀನ್‌ಗಳಲ್ಲಿ ಮಾತ್ರ ಹೆಚ್ಚಿನ ಬದಲಾವಣೆ ಕಾಣಲಿಲ್ಲ. ಅಂದರೆ ಹಿಂಭಾಗ ಹಿಂಭಾಗವಾಗಿಯೇ ಉಳಿದು, ಅದಕ್ಕೊಂದು ತಲೆ ಬಂದಿದೆ. ನನಗೆ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾಗಿದ್ದು ಇದೇ.

ಸಿಲ್ಲಿಡ್‌ಗಳಲ್ಲೇ ಆಟೊಲೈಟಸ್ ಎಂಬ ಗುಂಪಿನಲ್ಲಿ ಒಂದರ ಹಿಂದೆ ಒಂದು ಸ್ಟೋಲನ್, ರೈಲು ಡಬ್ಬಿಗಳ ಹಾಗೆ. ಕೊನೆಯ ಡಬ್ಬಿಯೇ ಎಲ್ಲಕ್ಕಿಂತ ಹಳೆಯದು, ಹೊಸದು ಸೇರುವುದು ಮುಂದೆ. ಅಲ್ಲಿ ಗಂಡು ಸ್ಟೋಲನ್, ಹೆಣ್ಣು ಸ್ಟೋಲನ್, ಮೂಲ ಹುಳು ಒಂದಕ್ಕೊಂದು ಎಷ್ಟು ಬೇರೆ ಕಾಣುತ್ತವೆ ಎಂದರೆ, ಹಿಂದಿನ ವಿಜ್ಞಾನಿಗಳು ಗಂಡನ್ನು ಪಾಲಿಬೋಸ್ಟ್ರಿಕಸ್, ಹೆಣ್ಣನ್ನು ಸ್ಯಾಕೋನೆರೀಸ್ ಎಂದು ಬೇರೆ ಬೇರೆ ಕುಲದ ಹೆಸರಿನಲ್ಲೇ ಕರೆದಿದ್ದರು.

ಸಮಯವಿದ್ದರೆ ರಾಮಿಸಿಲ್ಲಿಸ್ ಮಲ್ಟಿಕಾಡೇಟಾ ಚಿತ್ರವನ್ನೂ ನೋಡಿ. ಆಸ್ಟ್ರೇಲಿಯಾದ ಡಾರ್ವಿನ್ ನಗರದ ಬಳಿ ಸ್ಪಂಜಿನೊಳಗೆ ಬಾಳುವ ಸಿಲ್ಲಿಡ್ ಹುಳು, 2012ರಲ್ಲಿ ಹೆಸರು ಪಡೆಯಿತು. ತಲೆ ಒಂದೇ, ಮೈ ಮರದ ಹಾಗೆ ಕವಲೊಡೆದು ಬಾಲಗಳು ನೂರಾರು. ಸ್ಟೋಲನ್‌ಗಳು ಮೂಡುವುದು ಆ ಕವಲುಗಳ ತುದಿಯಲ್ಲಿ.