ದುಡ್ಡು ಕೊಟ್ಟು ತಂದ ಕೂದಲಿಗೆ ‘ಜಡೆ’ ಬರುತ್ತದೆಯೇ?

ಬಸವ ಜಯಂತಿ ಹತ್ತಿರ ಬಂತೆಂದರೆ ಮದುವೆಗಳು ಶುರು. ಮದುವೆ ಮುಗಿದ ತಿಂಗಳಿಗೆ ನನಗೆ ಎಕ್ಸ್‌ಟೆನ್ಷನ್ ಬಗ್ಗೆ, ಅಂದರೆ ಉದ್ದ ಕಾಣಲಿ ಅಂತ ಸ್ವಂತ ಕೂದಲಿಗೆ ಹೊಲಿದೋ, ಕ್ಲಿಪ್ ಸಿಕ್ಕಿಸಿಯೋ, ಟೇಪಿನಿಂದ ಅಂಟಿಸಿಯೋ ಸೇರಿಸುವ ಕೂದಲಿನ ಬಗ್ಗೆ, ಇವೇ ಪ್ರಶ್ನೆಗಳು. ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳುತ್ತಿದ್ದೇನೆ. ಕ್ಲಿಪ್ ಹೇಗೆ ಸಿಕ್ಕಿಸಬೇಕು, ಯಾವ ಬಾಚಣಿಗೆ ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಹಾಕಿದವರು ಅಷ್ಟೂ ತೋರಿಸದಿದ್ದರೆ ಆ ಪಾರ್ಲರ್‌ಗೆ ಮತ್ತೆ ಹೋಗಬೇಡಿ.

ಮೇಡಂ, ತಂಗಿ ಮದುವೆಗೆ ಅಂತ ಎಕ್ಸ್‌ಟೆನ್ಷನ್ ಹೊಲಿಸಿಕೊಂಡೆ. ಎರಡು ತಿಂಗಳ ಮೇಲಾಯಿತು. ಬಿಸಿಲಿಗೆ ತಂಪು ಅಂತ ವಾರಕ್ಕೆರಡು ಸಲ ಔಡಲ ಎಣ್ಣೆ ಹಚ್ಚುತ್ತಿದ್ದೆ. ಈಗ ಕತ್ತಿನ ಹಿಂದೆ ಗಂಟುಗಟ್ಟಿ ಬಾಚಣಿಗೆಯೇ ಹೋಗುವುದಿಲ್ಲ. ಅತ್ತೆ ‘ಜಡೆ ಬಂದಿದೆ, ಕತ್ತರಿ ಹಾಕಬೇಡ’ ಅನ್ನುತ್ತಾರೆ. ಏನು ಮಾಡಲಿ? (ಸಿಂಧನೂರಿನ ಓದುಗರು)

ಮೊದಲು ಜಡೆ ವಿಷಯ, ಅಂದರೆ ಕೂದಲು ಗಂಟುಗಟ್ಟಿದರೆ ದೇವಿ ಕರೆದಳು ಅನ್ನುವ ಮಾತು ಮುಗಿಸೋಣ. ನೀವು ದುಡ್ಡು ಕೊಟ್ಟು ತಂದ ಕೂದಲು ಅದು. ಯಾರ ತಲೆಯದೋ ಏನೋ. ದೇವಿ ನಿಮ್ಮನ್ನು ಕರೆಯಬೇಕಾದರೆ ಇನ್ನೊಬ್ಬರ ಕೂದಲು ಹಿಡಿದು ಎಳೆಯುತ್ತಾಳಾ? ಅತ್ತೆಯವರಿಗೆ ಇದನ್ನು ನಗುತ್ತಲೇ ಹೇಳಿ. ಆದರೆ ನನಗಂತೂ ನಗು ಬರುವುದಿಲ್ಲ. ತಲೆ ಸಿಕ್ಕಾದದ್ದನ್ನೇ ಎಲ್ಲಮ್ಮನ ಕರೆ ಅಂದುಕೊಂಡು ನಮ್ಮ ಕಡೆ ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದಾರೆ. ಅದನ್ನು ತಡೆಯಲು 1982ರಲ್ಲೇ ಕಾಯ್ದೆ ಆಯಿತು. ಮಾತು ಮಾತ್ರ ಇನ್ನೂ ಹೋಗಿಲ್ಲ.

ಇನ್ನು ಗಂಟಿನ ಕಥೆ. ನಾನು ಬೆಳೆದದ್ದು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ. ಅಲ್ಲಿ ಕೂದಲೇ ಕಸುಬು. ಊರೂರು ತಿರುಗಿ, ಪಾತ್ರೆಪಗಡ ಕೊಟ್ಟು, ಬಾಚಿದಾಗ ಉದುರಿದ ಕೂದಲಿನ ಉಂಡೆ ತರುತ್ತಾರೆ. ಅವನ್ನು ಸೂಜಿಯಿಂದ ಬಿಡಿಸಿ, ಅಳತೆ ನೋಡಿ, ಕಟ್ಟು ಕಟ್ಟುವುದು ಹೆಂಗಸರ ಕೆಲಸ. ನಾನೂ ಶಾಲೆ ಬಿಟ್ಟ ಮೇಲೆ ಅವ್ವನ ಪಕ್ಕ ಕೂತು ಬಿಡಿಸಿದ್ದೇನೆ.

ಚಿಕ್ಕವರಿದ್ದಾಗ ಗೋಧಿ ತೆನೆಯನ್ನು ತೋಳಿನೊಳಗೆ ಬಿಟ್ಟು ಆಡಿದ್ದೀರಾ? ಕೈ ಆಡಿಸಿದಂತೆಲ್ಲ ಅದು ತಾನೇ ಮೇಲೆ ಹತ್ತುತ್ತದೆ, ಕೆಳಗಿಳಿಯುವುದಿಲ್ಲ. ಕೂದಲಿನ ಮೈಮೇಲೂ ಹಾಗೇ ಒಂದೇ ದಿಕ್ಕಿಗೆ ಮಲಗಿದ ಸಣ್ಣ ಹುರುಪೆಗಳಿವೆ. ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲಿನಲ್ಲಿ ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ ಇಟ್ಟುಕೊಳ್ಳಬಹುದು. ಉಂಡೆ ಕೂದಲಿನಲ್ಲಿ ಬುಡ ತುದಿ ಬೆರೆತುಹೋಗಿರುತ್ತವೆ. ಒಂದಕ್ಕೊಂದು ಎದುರು ಬಿದ್ದು ಕಚ್ಚಿಕೊಳ್ಳುತ್ತವೆ. ಅದಕ್ಕೆ ಆಸಿಡ್‌ನಲ್ಲಿ ಹುರುಪೆ ತೆಗೆದು, ಮೇಲೆ ಸಿಲಿಕೋನ್ ಹಚ್ಚಿ ಮಾರುತ್ತಾರೆ. ಅಂಗಡಿಯಲ್ಲಿ ರೇಷ್ಮೆ ಹಾಗೆ ಜಾರುವುದು ಆ ಸಿಲಿಕೋನ್. ಬೇಸಿಗೆಯಲ್ಲಿ ತಲೆಸ್ನಾನ ಜಾಸ್ತಿ, ಅದು ಬೇಗ ತೊಳೆದುಹೋಗುತ್ತದೆ. ಉಳಿಯುವುದು ಒಣ ನಾರು.

ಅದರ ಮೇಲೆ ನೀವು ಔಡಲ ಎಣ್ಣೆ ಸುರಿದಿರಿ! ಅಂಟಿಗಿಂತ ಗಟ್ಟಿ ಎಣ್ಣೆ ಅದು. ರಸ್ತೆ ಧೂಳು ಹಿಡಿಯಿತು, ಬೆವರು ಸೇರಿತು. ಆಮೇಲೆ ಬೋರ್ ನೀರು. ನಿಮ್ಮ ಬಕೆಟ್ಟಿನ ಅಂಚು ಒಮ್ಮೆ ನೋಡಿ, ಬಿಳಿ ಪೊರೆ ಕಟ್ಟಿರುತ್ತದಲ್ಲ, ಅದೇ ಕೂದಲಿಗೂ ಕಟ್ಟುತ್ತದೆ. ಎಣ್ಣೆ ಬಿಡಲಿ ಅಂತ ತಲೆಮೇಲೆ ಕೂದಲು ಗುಡ್ಡೆ ಹಾಕಿ ತಿಕ್ಕಿರುತ್ತೀರಿ. ಕಂಬಳಿ ಗಟ್ಟಿಯಾಗುವುದೂ ಹೀಗೇ.

ಈಗ ಮಾಡಬೇಕಾದ್ದು: ನೀರು ಹಾಕಬೇಡಿ, ಗಂಟು ಇನ್ನೂ ಬಿಗಿಯುತ್ತದೆ. ಕನ್ನಡಿ ಮುಂದೆ ನಿಂತು ನೀವೇ ಕತ್ತರಿಸಲೂ ಹೋಗಬೇಡಿ. ಕೆಲಸ ಬಲ್ಲವರ ಹತ್ತಿರ ದಾರ ಬಿಚ್ಚಿಸಿ, ಹೊಲಿದ ಪಟ್ಟಿಯನ್ನು ತೆಗೆಸಿ. ಅದನ್ನು ಎಸೆದುಬಿಡಿ, ದುಡ್ಡಿನ ಮುಖ ನೋಡಬೇಡಿ. ನಿಮ್ಮ ಸ್ವಂತ ಕೂದಲಿಗೆ ಕಂಡಿಷನರ್ ಧಾರಾಳವಾಗಿ ಹಚ್ಚಿ ತುದಿಯಿಂದ ಬೆರಳಲ್ಲೇ ಬಿಡಿಸುತ್ತಾ ಬುಡದ ಕಡೆ ಬನ್ನಿ. ಬಿಡದಿದ್ದರೆ ಗಂಟನ್ನು ಅಡ್ಡ ಕತ್ತರಿಸದೆ ಉದ್ದಕ್ಕೆ ಸೀಳಬೇಕು. ಉದ್ದ ಅಷ್ಟಿಷ್ಟು ಉಳಿಯುತ್ತದೆ.

ಹೊಲಿಸಿದ್ದನ್ನು ಆರರಿಂದ ಎಂಟು ವಾರ ಬಿಡಬಹುದು ಅನ್ನುತ್ತಾರೆ. ಏಪ್ರಿಲ್ ಮೇನಲ್ಲಿ ನಾನು ನಾಲ್ಕು ವಾರಕ್ಕೇ ಬಿಚ್ಚುತ್ತೇನೆ. ಜಾಸ್ತಿ ಹೆದರಿಕೆ ನನಗೆ, ಇರಲಿ. 40 ಡಿಗ್ರಿ ದಾಟಿದ ಊರಲ್ಲಿ ಆ ಹೊಲಿಗೆ ಕೆಳಗೆ ಬೆವರು ಆರುವುದೇ ಇಲ್ಲ. ಮುಂದಿನ ಸಲ ಕ್ಲಿಪ್ಪಿನದೇ ತಗೊಳ್ಳಿ. ಮನೆಗೆ ಬಂದ ಕೂಡಲೇ ತೆಗೆಯಿರಿ, ಬೆವರು ಆರಿಸಿ, ಸಡಿಲ ಹೆರಳು ಹಾಕಿಡಿ. ಹಸಿ ಇದ್ದಾಗ ಡಬ್ಬಿಯಲ್ಲಿ ಮುಚ್ಚಿದರೆ ಬೂಷ್ಟಿನ ವಾಸನೆ ಬರುತ್ತದೆ. ತೊಳೆದಾಗ ಕೊನೆಯ ಎರಡು ಚೊಂಬು ಫಿಲ್ಟರ್ ನೀರು ಹಾಕಿ, ನೆರಳಲ್ಲಿ ಆರಿಸಿ. ಔಡಲ ಎಣ್ಣೆ ಬೇಕೇ ಬೇಕೆಂದರೆ ಕ್ಲಿಪ್ ತೆಗೆದಿಟ್ಟ ಮೇಲೆ, ನಿಮ್ಮ ನೆತ್ತಿಗೆ ಮಾತ್ರ.

ಹಣೆಯ ಅಂಚಿನ ಕೂದಲು ತೆಳುವಾಗಿದ್ದರೆ, ನೆತ್ತಿ ನೋಯುತ್ತಿದ್ದರೆ, ಸಣ್ಣ ಗುಳ್ಳೆ ಎದ್ದಿದ್ದರೆ ನನಗೆ ಬರೆಯಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ. ಬಿಗಿಯಾಗಿ ಎಳೆದು ಬಹಳ ದಿನ ಬಿಟ್ಟರೆ ಕೂದಲಿನ ಬುಡವೇ ಸಾಯುತ್ತದೆ, ಮತ್ತೆ ಹುಟ್ಟುವುದಿಲ್ಲ. ಸಂತೆಯಲ್ಲಿ ಬಾಟಲಿ ಹಿಡಿದು ‘ಬೋಳು ತಲೆಗೂ ಕೂದಲು’ ಅನ್ನುವವನ ತಲೆಯನ್ನೇ ಒಮ್ಮೆ ನೋಡಿ ಬನ್ನಿ.

ಎಕ್ಸ್‌ಟೆನ್ಷನ್ ಕೂದಲಿಗೆ ಈರುಳ್ಳಿ ರಸ ಹಚ್ಚಿದರೆ ಬೆಳೆಯುತ್ತದಾ? (ಬಳ್ಳಾರಿ)

ಬುಡವೇ ಇಲ್ಲದ್ದು ಎಲ್ಲಿಂದ ಬೆಳೆಯಬೇಕು? ಈರುಳ್ಳಿ ಪಲ್ಯಕ್ಕೆ ಹಾಕಿ.

ಟೇಪಿನದು ಮೂರೇ ದಿನಕ್ಕೆ ಜಾರಿತು. (ಗಂಗಾವತಿ)

ಮೊದಲ 48 ಗಂಟೆ ನೀರು, ಎಣ್ಣೆ, ಬೆವರು ತಾಗಬಾರದು. ನಮ್ಮ ಮೇ ತಿಂಗಳಲ್ಲಿ ಬೆವರದೆ ಇರುವವರು ಯಾರು? ಮಳೆ ಬಂದ ಮೇಲೆ ಹಾಕಿಸಿ.

ಅಪ್ಪಟ ಮನುಷ್ಯರ ಕೂದಲು ಅಂತ 500 ರೂಪಾಯಿಗೆ ಕೊಟ್ಟರು. ಇಸ್ತ್ರಿ ಮಾಡಿಸಬಹುದಾ? (ರಾಯಚೂರು)

ಒಂದೆಳೆ ಸುಟ್ಟು ನೋಡಿ. ಕೂದಲಾದರೆ ಸುಟ್ಟ ಕೂದಲಿನದೇ ವಾಸನೆ ಬಂದು ಬೂದಿಯಾಗುತ್ತದೆ. ಕರಗಿ ಮಣಿಯಂತೆ ಗಟ್ಟಿಯಾದರೆ ಪ್ಲಾಸ್ಟಿಕ್, ಇಸ್ತ್ರಿ ಬೇಡ. ಆ ಬೆಲೆಗೆ ನಾನಾದರೆ ಸುಡುವ ಮೊದಲೇ ಹೇಳಿಬಿಡುತ್ತೇನೆ.

ಹುಲಿಗೆಮ್ಮನ ಜಾತ್ರೆಗೆ ಹೋಗುತ್ತಿದ್ದೇವೆ. ಕ್ಲಿಪ್ ಹಾಕಿಕೊಂಡೇ ಹೊಳೆಯಲ್ಲಿ ಮುಳುಗಬಹುದಾ? (ಕೊಪ್ಪಳ)

ಬಿಚ್ಚಿ ಯಜಮಾನರ ಕೈಗೆ ಕೊಟ್ಟು ಮುಳುಗಿ.