ಡಾಕ್ಟರಿಕೆ, ತಂತ್ರಜ್ಞಾನ, ಹಳ್ಳಿಯ ಉಚಿತ ಶಿಬಿರ: ಮೂರನ್ನೂ ಸೇರಿಸಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

ನೀವು ಕೇಳಿರೋದು ಇಷ್ಟು: ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿ ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದೀರಿ. ಕೋಡಿಂಗ್ ಗೊತ್ತಿದೆ. ಹಳ್ಳಿಗಳಲ್ಲಿ ಉಚಿತ ತಪಾಸಣಾ ಶಿಬಿರ ಮಾಡುವ ಆಸೆ ಇದೆ. ಶಿಬಿರಕ್ಕೆ ಬಂದವರ ಕಾಯಿಲೆ ಕಂಡುಹಿಡಿಯುವ ಎಐ ಆ್ಯಪ್ ಮಾಡೋಣ ಅಂತ ಯೋಚಿಸಿದ್ದೀರಿ. ಇದು ಸರಿಯಾದ ದಾರಿಯೇ, ಎಲ್ಲಿಂದ ಶುರು ಮಾಡಬೇಕು ಅನ್ನೋದು ನಿಮ್ಮ ಪ್ರಶ್ನೆ.

ನಾನು ಹುಬ್ಬಳ್ಳಿಯಲ್ಲಿ ಫಿಸಿಷಿಯನ್. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಿ ಶಿಬಿರಗಳಿಗೆ ಬಹಳ ವರ್ಷಗಳಿಂದ ಹೋಗುತ್ತಿದ್ದೇನೆ. ಕಂಪ್ಯೂಟರ್ ಮೇಲಿನ ಪ್ರೀತಿ ನನಗೂ ಅಷ್ಟೇ ಹಳೆಯದು. ನನ್ನ ಸಲಹೆ ಏನೆಂದರೆ, ರೋಗ ಕಂಡುಹಿಡಿಯುವ ಆ್ಯಪ್ ಸದ್ಯಕ್ಕೆ ಬದಿಗಿಡಿ. ರಿಜಿಸ್ಟರ್‌ನಿಂದ ಶುರು ಮಾಡಿ. ಇವತ್ತು ಶಿಬಿರದಲ್ಲಿ ನೋಡಿದ ರೋಗಿ ಮುಂದಿನ ತಿಂಗಳು ಯಾರೋ ಒಬ್ಬ ಡಾಕ್ಟರ ಮುಂದೆ ಮತ್ತೆ ಕೂರುವ ಹಾಗೆ ಮಾಡಬೇಕು. ನಮ್ಮ ಕಡೆ ಈಗ ತಂತ್ರಜ್ಞಾನ ಬೇಕಾಗಿರೋದು ಈ ಕೆಲಸಕ್ಕೆ.

ಯಾಕೆ ಅಂತ ಹೇಳುತ್ತೇನೆ. ಶಿಬಿರದಲ್ಲಿ ನಮಗೆ ಜಾಸ್ತಿ ಸಿಗೋದು ಬಿಪಿ ಮತ್ತು ಸಕ್ಕರೆ ಕಾಯಿಲೆ. ತೀರಾ ಏರಿದ್ದವರನ್ನು ಬಿಟ್ಟರೆ ಇವೆರಡನ್ನೂ ಒಂದೇ ದಿನ ನೋಡಿ ತೀರ್ಮಾನ ಮಾಡಲಿಕ್ಕೆ ಬರೋದಿಲ್ಲ. ಬಿಪಿ 140/90 ದಾಟಿದ್ದರೆ ಬೇರೆ ದಿನ ಮತ್ತೆ ಅಳೆಯಬೇಕು. ಅಳೆಯುವ ಮುಂಚೆ ರೋಗಿ ಐದು ನಿಮಿಷ ಸುಮ್ನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು. ಹೊಲದಿಂದ ನಡೆದು ಬಂದು, ಪಾಳಿಯಲ್ಲಿ ನಿಂತು, ಮೈಕಿನ ಗದ್ದಲದ ನಡುವೆ ತೋಳಿಗೆ ಪಟ್ಟಿ ಕಟ್ಟಿಸಿಕೊಂಡವರ ಬಿಪಿ ನಿಜಕ್ಕಿಂತ ಏರಿರುವ ಸಾಧ್ಯತೆ ಜಾಸ್ತಿ. ಸಕ್ಕರೆಯದೂ ಇದೇ ಕಥೆ. ಬೆರಳು ಚುಚ್ಚಿ ನೋಡಿದಾಗ 180 ಬಂತು ಅಂದುಕೊಳ್ಳಿ. ಊಟ ಯಾವಾಗ ಮಾಡಿದ್ದು ಅಂತ ಕೇಳಬೇಕು, ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇದೆಯಲ್ಲ ಅನ್ನಬಹುದು. ಆದರೆ ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆ ಆದವರಲ್ಲಿ ಆ ಸಂಖ್ಯೆಯೇ ಏರಿ ಕಾಣಬಹುದು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟಿದೆ ಅಂತ ವಾರ್ಡಿನಲ್ಲಿ ನೀವೇ ನೋಡಿರುತ್ತೀರಿ.

ಅಂದ್ರೆ ಕಾಯಿಲೆ ಗೊತ್ತಾಗುವುದೇ ಎರಡನೇ ಭೇಟಿಯಲ್ಲಿ. ಶಿಬಿರದ ಬ್ಯಾನರ್ ಮಾತ್ರ ಒಂದೇ ದಿನದ್ದು.

ಇದರಿಂದ ಆಗುವ ತೊಂದರೆಯನ್ನು ನಾನು ಒಪಿಡಿಯಲ್ಲಿ ಪದೇ ಪದೇ ನೋಡುತ್ತೇನೆ. ಯಾವುದೋ ಶಿಬಿರದಲ್ಲಿ ಹತ್ತು ದಿನದ ಸ್ಯಾಂಪಲ್ ಮಾತ್ರೆ ಕೊಟ್ಟಿರುತ್ತಾರೆ. ಕಂಪನಿ ಹೆಸರು ಬೇರೆ ಬೇರೆ, ಚೀಟಿಯಲ್ಲಿ ಡಾಕ್ಟರ ಸಹಿ ಮಾತ್ರ. "ಗುಳಿಗಿ ತೀರಿದ್ವುರಿ, ಅದಕ್ಕ ಬಿಟ್ಟೇನ್ರಿ" ಅನ್ನುತ್ತಾರೆ ಅಜ್ಜಿ. ಅವರದೇನೂ ತಪ್ಪಿಲ್ಲ. ಇದು ಜೀವನಪೂರ್ತಿ ನುಂಗಬೇಕಾದ ಗುಳಿಗೆ ಅಂತ ಅವರಿಗೆ ಯಾರೂ ಹೇಳಿಲ್ಲ, ಮುಂದಿನದು ಎಲ್ಲಿ ಸಿಗುತ್ತದೆ ಅಂತಲೂ ಹೇಳಿಲ್ಲ. ಅದಕ್ಕೇ ನಾವು ಈಗ ಶಿಬಿರಕ್ಕೆ ಮುಂಚೆ ಆ ಊರಿನ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಫಾರ್ಮಸಿಸ್ಟ್‌ಗೆ ಫೋನ್ ಮಾಡುತ್ತೇವೆ. ಬಿಪಿಗೆ ಆಮ್ಲೋಡಿಪಿನ್ ಇದೆಯಾ, ಸಕ್ಕರೆಗೆ ಮೆಟ್‌ಫಾರ್ಮಿನ್ ಇದೆಯಾ, ಎಷ್ಟು ಮಿಲಿಗ್ರಾಂನದು ಅಂತ ಕೇಳಿ ಅದನ್ನೇ ಬರೆಯುತ್ತೇವೆ. ಅಲ್ಲಿ ಅದು ಉಚಿತವಾಗಿ, ತಿಂಗಳು ತಿಂಗಳು ಸಿಗುತ್ತದೆ. ನಾವು ಚೀಲದಲ್ಲಿ ಹೊತ್ತುಕೊಂಡು ಹೋಗುವ ಔಷಧಕ್ಕಿಂತ ಇದು ಎಷ್ಟೋ ಮೇಲು.

ಈಗ ರಿಜಿಸ್ಟರ್ ವಿಷಯ. ಕೋಡಿಂಗ್ ಗೊತ್ತಿರುವ ನಿಮಗೆ ಇದು ಸಣ್ಣ ಕೆಲಸ ಅನ್ನಿಸಬಹುದು. ಒಂದು ಹಳ್ಳಿಯಲ್ಲಿ ಕೂತು ನೋಡಿ, ಎಷ್ಟು ಕಠಿಣ ಅಂತ ಗೊತ್ತಾಗುತ್ತದೆ. ಶಿರಹಟ್ಟಿ ಕಡೆ ಒಂದೇ ಓಣಿಯಲ್ಲಿ ಮೂರ್ನಾಲ್ಕು ಜನ ಫಕ್ಕೀರಪ್ಪ ಸಿಗುತ್ತಾರೆ. ಅಡ್ಡಹೆಸರು, ತಂದೆ ಅಥವಾ ಗಂಡನ ಹೆಸರು, ಓಣಿ, ಇಷ್ಟೂ ಬರೆದರೆ ಮಾತ್ರ ಮನುಷ್ಯ ಸಿಗುತ್ತಾನೆ. ವಯಸ್ಸು ಕೇಳಿದರೆ "ಐವತ್ತ ಇರಬೇಕ್ರಿ" ಅನ್ನುತ್ತಾರೆ. ಮುಂದಿನ ಸಲ ಅದೇ ವ್ಯಕ್ತಿ ಅರವತ್ತು ಅನ್ನಬಹುದು. ಹುಟ್ಟಿದ ದಿನಾಂಕ ಹಾಕದೆ ಮುಂದಕ್ಕೆ ಹೋಗಲು ಬಿಡದ ಸಾಫ್ಟ್‌ವೇರ್ ಇದ್ದರೆ ಬರೆಯುವವರು ಎಲ್ಲರಿಗೂ ಜನವರಿ 1 ಅಂತ ಒತ್ತಿ ಮುಂದೆ ಹೋಗುತ್ತಾರೆ. ಇನ್ನು ಇಂಗ್ಲಿಷ್‌ನಲ್ಲಿ ಹೆಸರು ಬರೆದರೆ ಹಿರೇಮಠ ಅನ್ನೋದನ್ನು ನಾಲ್ಕು ಜನ ನಾಲ್ಕು ತರ ಬರೆಯುತ್ತಾರೆ. ಉಚ್ಚಾರಣೆ ಹಿಡಿದು ಹುಡುಕುವ ವ್ಯವಸ್ಥೆ ಮಾಡಿಕೊಡಿ. ಅದೊಂದೇ ನೂರಾರು ಜನರನ್ನು ಕಳೆದುಹೋಗದಂತೆ ಉಳಿಸುತ್ತದೆ.

ಫೋನ್ ನಂಬರಿನದು ಇನ್ನೊಂದು ಪಾಡು. "ನಂಬರ ಮಗಂದೈತ್ರಿ, ಅವ ಗೋವಾದಾಗ ಅದಾನ್ರಿ." ರೋಣ, ಗಜೇಂದ್ರಗಡ ಕಡೆಯಿಂದ, ತಾಂಡಾಗಳಿಂದ ಎಷ್ಟು ಕುಟುಂಬ ದುಡಿಯಲು ಗೋವಾಕ್ಕೆ, ಮಂಗಳೂರಿಗೆ ಹೋಗುತ್ತವೆ ಅಂತ ಈ ಭಾಗದವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ನಾವು ಎರಡು ನಂಬರ್ ಬರೆಯುತ್ತೇವೆ, ಜೊತೆಗೆ ಆ ಓಣಿಯ ಆಶಾ ಕಾರ್ಯಕರ್ತೆಯ ಹೆಸರು. ಬಿಪಿ, ಸಕ್ಕರೆ, ಗುಳಿಗೆ ಎಲ್ಲ ಬರೆದ ಗಟ್ಟಿ ಕಾಗದದ ಕಾರ್ಡನ್ನು ರೋಗಿಯ ಕೈಗೂ ಕೊಡುತ್ತೇವೆ. ಮಡಗಾಂವ್‌ನ ಡಾಕ್ಟರಿಗೆ ನಮ್ಮ ಲ್ಯಾಪ್‌ಟಾಪ್ ಕಾಣೋದಿಲ್ಲ, ಆ ಕಾರ್ಡ್ ಕಾಣುತ್ತದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಆಭಾ ಸಂಖ್ಯೆ (ಆರೋಗ್ಯ ದಾಖಲೆಗಳನ್ನು ಜೋಡಿಸುವ ಗುರುತಿನ ಸಂಖ್ಯೆ) ಇರೋದು ಇದೇ ಉದ್ದೇಶಕ್ಕೆ, ಇದ್ದವರದನ್ನು ಬರೆದುಕೊಳ್ಳಿ. ಆದರೆ ಕಾರ್ಡ್ ಕೊಡೋದು ನಿಲ್ಲಿಸಬೇಡಿ.

ಮತ್ತೆ ಬರುವ ದಿನವನ್ನು ನಾವು ಊರಿನ ಸಂತೆಯ ದಿನಕ್ಕೆ ಇಡುತ್ತೇವೆ. ಹೇಗೂ ಪಿಎಚ್‌ಸಿ ಇರುವ ಊರಿಗೆ ಅವತ್ತು ಬರುತ್ತಾರೆ, ಬಸ್ಸಿನ ಖರ್ಚು, ಕೂಲಿ ತಪ್ಪುವುದು ಎರಡೂ ಇಲ್ಲ. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಚರಗ ಚೆಲ್ಲಲು (ಭೂತಾಯಿಗೆ ಎಡೆ ಅರ್ಪಿಸಲು) ಹೊಲದಲ್ಲಿರುತ್ತಾರೆ, ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವ ಹೊತ್ತಿನಲ್ಲಿ ಯಾರೂ ಸಿಗೋದಿಲ್ಲ. ನಿಮ್ಮ ಸಾಫ್ಟ್‌ವೇರ್ 30 ದಿನ ಕೂಡಿಸಿ ತಾರೀಖು ಕೊಡುವ ಬದಲು ಊರಿನ ಸಂತೆ ಯಾವ ವಾರ ಅಂತ ನೋಡಿ ಕೊಡಲಿ. ನೆನಪಿಸಲು ಎಸ್‌ಎಂಎಸ್ ಬೇಡ. ಓದು ಬಾರದವರು ಬಹಳ ಜನ ಇದ್ದಾರೆ. ಸಂಜೆ ಏಳರ ಮೇಲೆ, ಗುರುತಿನ ಸಿಸ್ಟರ್ ಅಥವಾ ಆಶಾ ಫೋನ್ ಮಾಡಿದರೆ ಬರುತ್ತಾರೆ.

ಇಷ್ಟಕ್ಕೆ ಎಲ್ಲವನ್ನೂ ಸೊನ್ನೆಯಿಂದ ಬರೆಯಬೇಕಾಗಿಲ್ಲ. ಛತ್ತೀಸಗಢದ ಗನಿಯಾರಿಯಲ್ಲಿ ಏಮ್ಸ್‌ನಲ್ಲಿ ಕಲಿತ ವೈದ್ಯರು ಕಟ್ಟಿದ ಜನ ಸ್ವಾಸ್ಥ್ಯ ಸಹಯೋಗ ಅನ್ನುವ ಆಸ್ಪತ್ರೆ ಇದೆ. ಅಲ್ಲಿನ ಅಗತ್ಯಗಳನ್ನು ನೋಡಿಕೊಂಡು ಬೆಳೆದ ಆಸ್ಪತ್ರೆ ಸಾಫ್ಟ್‌ವೇರ್ ಬಾಹ್ಮ್ನಿ. ಅದರ ಬುನಾದಿ 2004ರಲ್ಲಿ ಶುರುವಾದ ಓಪನ್‌ಎಂಆರ್‌ಎಸ್ ಅನ್ನುವ ರೋಗಿ ದಾಖಲೆ ಸಾಫ್ಟ್‌ವೇರ್. ಎರಡೂ ಓಪನ್ ಸೋರ್ಸ್, ಬಿಚ್ಚಿ ನೋಡಿ ಕಲಿಯಬಹುದು. ಬಿಪಿಗೆ ಅಂತಲೇ 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಸಿಂಪಲ್ ಅನ್ನುವ ಆ್ಯಪ್ ಬಳಸುತ್ತಾರೆ. ರೋಗಿಯ ಕಾರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹಿಂದಿನ ಬಿಪಿ ಎಲ್ಲ ಕಾಣುತ್ತದೆ, ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಬರೋದು ತಪ್ಪಿಸಿದವರ ಪಟ್ಟಿಯನ್ನೂ ಕೊಡುತ್ತದೆ. ನನಗೆ ಅದರಲ್ಲಿ ಬಹಳ ಇಷ್ಟ ಆಗೋದು ಈ ಕೊನೆಯ ಪಟ್ಟಿ.

ಹಾಗಾದರೆ ಎಐ, ಯಂತ್ರ ಎಲ್ಲ ಬೇಡವಾ? ಬೇಕು. ಆದರೆ ಯಂತ್ರ ಉತ್ತರ ಕೊಟ್ಟ ಮೇಲೆ ಮುಂದಿನ ಹೆಜ್ಜೆ ಏನು ಅನ್ನೋದು ಮೊದಲೇ ತಯಾರಿರಬೇಕು. ಕರ್ನಾಟಕ ಸರ್ಕಾರ 2023ರಲ್ಲಿ ತಂದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನೋಡಿ. ಎದೆನೋವು ಅಂತ ತಾಲೂಕು ಆಸ್ಪತ್ರೆಗೆ ಬಂದವರ ಇಸಿಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ, ಕೆಲವೇ ನಿಮಿಷದಲ್ಲಿ ವರದಿ ಬರುತ್ತದೆ. ಹೃದಯಾಘಾತ ಅಂತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ತೂಕ ನೋಡಿ ಒಂದೇ ಸಲಕ್ಕೆ ಕೊಡುವ ಔಷಧ ಅದು. ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಹಿರೇಕೆರೂರಿನಿಂದ ಹುಬ್ಬಳ್ಳಿಗೆ ನೂರು ಕಿ.ಮೀ. ಮೇಲಾಗುತ್ತದೆ. ಈ ಔಷಧ ಮೊದಲ ಮೂರು ಗಂಟೆಯೊಳಗೆ ಬಿದ್ದಷ್ಟು ಹೃದಯ ಜಾಸ್ತಿ ಉಳಿಯುತ್ತದೆ. ಇಸಿಜಿ ಎಷ್ಟೇ ಬೇಗ ಓದಿದರೂ ಆ ಇಂಜೆಕ್ಷನ್ ಫ್ರಿಜ್‌ನಲ್ಲಿ ಇಲ್ಲದಿದ್ದರೆ, ಕೊಡಲು ಕಲಿತ ಕೈ ಇಲ್ಲದಿದ್ದರೆ ಏನು ಉಪಯೋಗ ಹೇಳಿ?

ಇದಕ್ಕೆ ಉಲ್ಟಾ ಉದಾಹರಣೆ ಥಾಯ್ಲೆಂಡ್‌ನಲ್ಲಿದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಹಾಳಾಗಿದೆಯಾ ಅಂತ ಫೋಟೊ ನೋಡಿ ಹೇಳುವ ಗೂಗಲ್‌ನ ಎಐ ಅನ್ನು ಅಲ್ಲಿನ 11 ಕ್ಲಿನಿಕ್‌ಗಳಲ್ಲಿ ಬಳಸಿ ನೋಡಿದರು. ಅದರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಲ್ಯಾಬ್‌ನಲ್ಲಿ ಚೆನ್ನಾಗಿಯೇ ಕೆಲಸ ಮಾಡಿದ್ದ ಎಐ ಅದು. ಕ್ಲಿನಿಕ್‌ನಲ್ಲಿ ತೆಗೆದ ಫೋಟೊಗಳಲ್ಲಿ ನೂರಕ್ಕೆ 21ರಷ್ಟನ್ನು ಅದು ಓದಲೇ ಇಲ್ಲ. ಕೋಣೆ ಸಾಕಷ್ಟು ಕತ್ತಲಿರಲಿಲ್ಲ, ಚಿತ್ರ ಸ್ಪಷ್ಟ ಇರಲಿಲ್ಲ. ಹಾಗಾದವರು ಬೇರೆ ದಿನ ದೂರದ ತಜ್ಞರ ಹತ್ತಿರ ಹೋಗಬೇಕಾಯಿತು. ನಮ್ಮ ಶಿಬಿರಗಳು ನಡೆಯೋದು ಶಾಲೆಯ ಕೋಣೆಯಲ್ಲಿ, ಗುಡಿಯ ಕಟ್ಟೆಯ ಮೇಲೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಲು ಒಬ್ಬರು, ಚಿತ್ರ ಬರದಿದ್ದವರನ್ನು ಹುಬ್ಬಳ್ಳಿಗೆ ಕರೆತರಲು ಒಂದು ಗಾಡಿ, ಇವೆರಡೂ ಇದ್ದರೆ ಕ್ಯಾಮೆರಾ ತನ್ನಿ. ನಾನೇ ಜೊತೆಗೆ ಬರುತ್ತೇನೆ.

ಒಂದೊಂದು ಊರಿನ ನಿಜವಾದ ಕಾಯಿಲೆ ನಮ್ಮ ಆ್ಯಪ್‌ನೊಳಗೆ ಇರೋದೇ ಇಲ್ಲ, ಇದನ್ನೂ ನೆನಪಿಡಿ. ಮುಂಡರಗಿ ಭಾಗದಲ್ಲಿ ಮೊಣಕಾಲು, ಬೆನ್ನು ಹಿಡಿದುಕೊಂಡು ಬರುವವರ ಸಾಲೇ ಇರುತ್ತದೆ. ಅಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಫ್ಲೋರೈಡ್ ಇನ್ನೂ ಜಾಸ್ತಿ ಇದ್ದರೆ ದೊಡ್ಡವರ ಕೀಲು, ಬೆನ್ನು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ. ಇಂಥ ಊರಲ್ಲಿ ನೋವಿನ ಗುಳಿಗೆ ಹಂಚಿ ಬರೋದು ನನಗೆ ಸರಿ ಅನ್ನಿಸೋದಿಲ್ಲ, ಆ ಗುಳಿಗೆ ಕಿಡ್ನಿಗೂ ಕೆಟ್ಟದ್ದು. ನೀರು ಪರೀಕ್ಷಿಸುವ ಕಿಟ್ ತೆಗೆದುಕೊಂಡು ಹೋಗಿ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಮಹಿಳೆಯರಿಗೇ ಅದನ್ನು ಬಳಸುವ ತರಬೇತಿ ಕೊಡುತ್ತಾರೆ. ರೋಗಿ ಯಾವ ಬಾವಿಯ ನೀರು ಕುಡಿಯುತ್ತಾರೆ ಅನ್ನೋದಕ್ಕೆ ನಿಮ್ಮ ರಿಜಿಸ್ಟರ್‌ನಲ್ಲಿ ಒಂದು ಕಾಲಂ ಇರಲಿ. ಒಂದು ವರ್ಷದಲ್ಲಿ ಅದು ಗ್ರಾಮ ಪಂಚಾಯಿತಿ ಮುಂದೆ ಇಡಬಹುದಾದ ಪುರಾವೆ ಆಗುತ್ತದೆ.

ದಾನದ ಯಂತ್ರಗಳ ಬಗ್ಗೆ ಒಂದೇ ಮಾತು. 16 ದೇಶಗಳ ಆಸ್ಪತ್ರೆ ಉಪಕರಣಗಳನ್ನು ಲೆಕ್ಕ ಹಾಕಿದ 2011ರ ಒಂದು ಅಧ್ಯಯನದಲ್ಲಿ ನೂರಕ್ಕೆ 38ರಷ್ಟು ಕೆಲಸ ಮಾಡುತ್ತಿರಲಿಲ್ಲ. ರಿಪೇರಿ ಯಾರು ಮಾಡುತ್ತಾರೆ, ಸಕ್ಕರೆ ನೋಡುವ ಯಂತ್ರದ ಸ್ಟ್ರಿಪ್ ಎಲ್ಲಿಂದ ಬರುತ್ತದೆ ಅಂತ ಕೇಳದೆ ಯಾವುದನ್ನೂ ತೆಗೆದುಕೊಳ್ಳಬೇಡಿ.

ಶಿಬಿರಕ್ಕೆ ಹೋಗಲಾಗದ ವಾರಗಳಲ್ಲಿ ಸೇವೆ ನಿಲ್ಲಬೇಕಾಗಿಲ್ಲ. 2019ರಲ್ಲಿ ಶುರುವಾದ ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವನಿಯಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ರೋಗಿಯ ಪಕ್ಕ ಕೂತು ದೂರದ ಡಾಕ್ಟರನ್ನು ಜೋಡಿಸುತ್ತಾರೆ. ಪಕ್ಕದಲ್ಲಿ ಬಿಪಿ ನೋಡಿ ಹೇಳುವ ಒಬ್ಬರು ಇರುವುದರಿಂದ ಬರೀ ಫೋನಿಗಿಂತ ಇದು ಬಹಳ ಒಳ್ಳೆಯದು. ನಿಮಗೆ ಪೂರ್ಣ ನೋಂದಣಿ ಸಿಗುವವರೆಗೆ ಶಿಬಿರದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹಿರಿಯರ ಜೊತೆಗಷ್ಟೇ ಮಾಡಿ. ಉಚಿತ ಅಂದ ಮಾತ್ರಕ್ಕೆ ಜವಾಬ್ದಾರಿ ಕಡಿಮೆ ಆಗೋದಿಲ್ಲ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಓದಿ ಇಟ್ಟುಕೊಳ್ಳಿ. ಯಾವ ಔಷಧವನ್ನು ವಿಡಿಯೊ ನೋಡದೆ ಬರೆಯುವಂತಿಲ್ಲ, ಯಾವುದನ್ನು ಬರೆಯಲೇಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ರೋಗಿಗಳ ಫೋಟೊ, ವರದಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕಬೇಡಿ. ಕೇಳದೆ ಯಾರ ಮಾಹಿತಿಯನ್ನೂ ಸಂಗ್ರಹಿಸಬೇಡಿ.

ಇನ್ನು ಶುರು ಮಾಡುವ ಜಾಗ ನಿಮ್ಮ ಮುಂದೆಯೇ ಇದೆ. ಇಂಟರ್ನ್‌ಶಿಪ್‌ನಲ್ಲಿ ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್ ಬರುತ್ತದಲ್ವಾ? ಬಹಳ ಜನ ಅದನ್ನು ಪಿಜಿ ಓದಿಗೆ ಬಳಸುತ್ತಾರೆ. ನೀವು ಪಿಎಚ್‌ಸಿ ವೈದ್ಯಾಧಿಕಾರಿಗಳ ಅನುಮತಿ ಕೇಳಿ ಬಿಪಿ, ಸಕ್ಕರೆ ರೋಗಿಗಳ ರಿಜಿಸ್ಟರ್ ತೆಗೆಯಿರಿ. ಮೂರು ತಿಂಗಳಿಂದ ಬಾರದವರ ಹೆಸರು ಬರೆದುಕೊಳ್ಳಿ. ಆಶಾ ಅಕ್ಕನವರ ಜೊತೆ ಅವರ ಮನೆಗಳಿಗೆ ನಡೆದು ಹೋಗಿ, ಯಾಕೆ ಬರಲಿಲ್ಲ ಅಂತ ಕೇಳಿ. ಬೈಯಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಆ ಉತ್ತರಗಳನ್ನು ನೋಡಿ ಆಮೇಲೆ ಕೋಡ್ ಬರೆಯಿರಿ. ಬರೆದದ್ದನ್ನು ಮೊದಲು ಆ ಪಿಎಚ್‌ಸಿ ಸಿಸ್ಟರ್ ಕೈಗೆ ಕೊಡಿ. ಸಂತೆಯ ದಿನದ ಜನಜಂಗುಳಿಯಲ್ಲಿ ಅವರು ಪೆನ್ನಿನಲ್ಲಿ ಬರೆಯುವುದಕ್ಕಿಂತ ಬೇಗ ಅದರಲ್ಲಿ ಬರೆದು ಮುಗಿಸಿದರೆ, ಅದನ್ನು ಎರಡನೇ ಪಿಎಚ್‌ಸಿಗೆ ತೆಗೆದುಕೊಂಡು ಹೋಗಿ.