ರಕ್ತದ ರಿಪೋರ್ಟಿನಲ್ಲಿ ಬರಲಿಲ್ಲ ಎಂದ ಮಾತ್ರಕ್ಕೆ

ಶಿರಸಿ ಸುತ್ತಮುತ್ತಲಿಂದ ಆಪ್ತಸಲಹೆಗೆಂದು ನನ್ನ ಹತ್ತಿರ ಬರುವ ಶ್ವಾಸಕೋಶ ಕ್ಯಾನ್ಸರಿನ ಮನೆಗಳಲ್ಲಿ ಈಚೆಗೆ ಒಂದೇ ಗೊಂದಲ ಮತ್ತೆ ಮತ್ತೆ ಕಾಣುತ್ತಿದೆ: ರಕ್ತ ಪರೀಕ್ಷೆಯಲ್ಲಿ ಜೀನ್ ಬದಲಾವಣೆ ಕಾಣಲಿಲ್ಲ ಎಂದರೆ ಏನರ್ಥ, ಮುಂದೇನು? ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಅಡಿಕೆ ತೋಟದ ಮನೆಯ ಹೆಂಗಸು, ಅರವತ್ತರ ಹತ್ತಿರ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಬಯಾಪ್ಸಿ ಆಯಿತು, ಅಂದರೆ ಸೂಜಿಯಿಂದ ಗಡ್ಡೆಯ ಚೂರು ತೆಗೆದು ನೋಡಿದರು. ಕ್ಯಾನ್ಸರ್ ಎಂದು ಗೊತ್ತಾಯಿತು, ಆದರೆ ಜೀನ್ ಪರೀಕ್ಷೆಗೆ ಆ ಚೂರು ಸಾಲಲಿಲ್ಲ. ರಕ್ತ ಕಳಿಸಿದರು. ಇಜಿಎಫ್‌ಆರ್ ಮ್ಯುಟೇಶನ್ ಕಂಡುಬಂದಿಲ್ಲ ಎಂದು ರಿಪೋರ್ಟ್ ಬಂತು. ಇದು ಗಡ್ಡೆಯ ಇಜಿಎಫ್‌ಆರ್ ಎಂಬ ಜೀನಿನಲ್ಲಾಗುವ ಬದಲಾವಣೆ; ಇದ್ದವರಿಗೆ ಅದಕ್ಕೆಂದೇ ಇರುವ ಮಾತ್ರೆ ಕೊಡುತ್ತಾರೆ. ಡಾಕ್ಟರು ಇನ್ನೊಮ್ಮೆ ಬಯಾಪ್ಸಿ ಮಾಡೋಣ ಎಂದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಒಪ್ಪಲಿಲ್ಲ. ತಾಯಿಯನ್ನು ಕರೆದುಕೊಂಡು ನನ್ನ ಹತ್ತಿರ ಬಂದ.

"ಕುಮಟಾದ ನಮ್ಮ ನೆಂಟರೊಬ್ಬರು ಮಾತ್ರೆಯಲ್ಲೇ ಚೇತರಿಸಿಕೊಂಡರು. ಆಯಿಗೂ ಅದನ್ನೇ ಕೊಟ್ಟು ನೋಡೋಣ. ಮತ್ತೆ ಸೂಜಿ ಬೇಡವೇ ಬೇಡ" ಎಂದ. ತಾಯಿ ಅಷ್ಟು ಹೊತ್ತೂ ಸುಮ್ಮನಿದ್ದರು. ಆಮೇಲೆ ಮಗನ ಕಡೆ ತಿರುಗಿದರು.

"ಸೂಜಿ ಚುಚ್ಚದು ಯಂಗೆ ಅಲ್ದನಾ ತಮಾ? ಯನ್ನ ಒಂದ್ಮಾತು ಕೇಳದೇ ಬ್ಯಾಡ ಅಂದ್ರೆ ಹೆಂಗೆ?"

ಮಗ ತಲೆ ತಗ್ಗಿಸಿದ. ಆವತ್ತು ಉಳಿದ ಮಾತನ್ನೆಲ್ಲ ನಾನು ತಾಯಿಯ ಜೊತೆಗೇ ಆಡಿದೆ. ಗಡ್ಡೆಯ ಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಪರೀಕ್ಷೆ ಹುಡುಕುವುದು ಅದನ್ನೇ. ಕೆಲವು ಗಡ್ಡೆಗಳಿಂದ ಬರುವ ಚೂರು ತೀರಾ ಕಡಿಮೆ. ಆಗ ಮ್ಯುಟೇಶನ್ ಇದ್ದರೂ ರಕ್ತದಲ್ಲಿ ಕಾಣದೇ ಹೋಗಬಹುದು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮೊದಲ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಾಗಲೇ, ರಕ್ತದಲ್ಲಿ ಬರದಿದ್ದರೆ ಗಡ್ಡೆಯ ಚೂರನ್ನು ನೋಡಬೇಕು ಎಂದು ಹೇಳಿತ್ತು.

ಹಾಗಂತ ಅಂದಾಜಿನ ಮೇಲೆ ಮಾತ್ರೆ ಶುರುಮಾಡುವುದೂ ತಪ್ಪು. ಏಷ್ಯಾದ ರೋಗಿಗಳ ಮೇಲೆ ನಡೆದ ಐಪಾಸ್ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮ್ಯುಟೇಶನ್ ಇದ್ದವರಿಗೆ ಜೆಫಿಟಿನಿಬ್ ಮಾತ್ರೆ ಕೀಮೋಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಇಲ್ಲದವರಲ್ಲಿ ಕೀಮೋನೇ ಮೇಲು, ಮಾತ್ರೆ ತಗೊಂಡವರ ಕಾಯಿಲೆ ಬೇಗ ಹೆಚ್ಚಾಗಿತ್ತು. ನೆಂಟರ ಮಾತ್ರೆ ನೆಂಟರ ಗಡ್ಡೆಗೆ ಸರಿಹೋಗಿದ್ದು, ಅಷ್ಟೇ.

ಆಪ್ತಸಲಹೆಗಾರರು ಡಾಕ್ಟರ ಕೆಲಸಕ್ಕೆ ಕೈ ಹಾಕಬಾರದು ಎನ್ನುವವರಿದ್ದಾರೆ. ನಾನು ಔಷಧಿ ಹೇಳಿಲ್ಲ. ರಿಪೋರ್ಟನ್ನು ತಪ್ಪಾಗಿ ಓದಿಕೊಂಡು ಚಿಕಿತ್ಸೆಯ ದಾರಿಯನ್ನೇ ಬದಲಿಸಲು ಹೊರಟಾಗ ಬಾಯಿ ಮುಚ್ಚಿ ಕೂರುವುದು ನನ್ನಿಂದಾಗದು. ಕಾಯಿಲೆ ಯಾರದೋ ಅವರಿಗೇ ಎಲ್ಲ ಹೇಳಬೇಕು ಎನ್ನುವುದರಲ್ಲೂ ನನಗೆ ಅನುಮಾನವಿಲ್ಲ.

ತಾಯಿ ಎರಡನೇ ಬಯಾಪ್ಸಿಗೆ ಒಪ್ಪಿದರು. ಅದರಲ್ಲೂ ಮ್ಯುಟೇಶನ್ ಬರಲಿಲ್ಲ. "ಹಾಗಾದ್ರೆ ಸುಮ್ನೆ ಚುಚ್ಚಿಸಿದ ಹಾಗಾಯ್ತಲ್ವಾ?" ಎಂದು ಮಗ ಫೋನಿನಲ್ಲಿ ಕೇಳಿದ. ಇಲ್ಲ ಎಂದೆ. ಈಗ ಕೀಮೋ ಶುರುವಾಗುವುದು ಗಟ್ಟಿ ಕಾರಣದ ಮೇಲೆ. ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ, ಯೋಚಿಸಲು ಗಡ್ಡೆಯಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನ್ ಎಷ್ಟಿದೆ ಎಂದು ನೋಡುವ ಪರೀಕ್ಷೆಗೂ ಅದೇ ಚೂರು ಒದಗಿತು.

ಇಂಥ ರಿಪೋರ್ಟ್ ನಿಮ್ಮ ಕೈಗೂ ಬಂದಿದ್ದರೆ ಡಾಕ್ಟರನ್ನು ಹೀಗೆ ಕೇಳಿ: ಪರೀಕ್ಷೆಗೆ ಸಾಕಾಗುವಷ್ಟು ಗಡ್ಡೆಯ ಡಿಎನ್‌ಎ ರಕ್ತದಲ್ಲಿ ಇತ್ತಾ? ಯಾವ ಯಾವ ಜೀನ್ ನೋಡಿದ್ದಾರೆ? ಮತ್ತೆ ಬಯಾಪ್ಸಿ ಮಾಡಲು ಸಾಧ್ಯವಾ? ಕೇಳುವಾಗ ರೋಗಿಯನ್ನು ಹೊರಗೆ ಕೂರಿಸಬೇಡಿ.